ಎನ್‌ಎಚ್‌ಎಸ್ ಇದ್ದೂ ಖಾಸಗಿಗೆ ದುಡ್ಡು ಕೊಡಬೇಕೇ? ಇಂಗ್ಲೆಂಡಿನ ಎರಡೂ ಸೇವೆಗಳ ವಿಮರ್ಶೆ

ಇಂಗ್ಲೆಂಡಿನಲ್ಲಿರುವ ಕನ್ನಡಿಗರ ನಡುವೆ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮಾತೆತ್ತಿದರೆ ಸಾಕು, ಎರಡು ಗುಂಪಾಗುತ್ತದೆ. ಒಬ್ಬರಿಗೆ ಅದು ಪುಕ್ಕಟೆ ಸಿಗುವ ವರ, ಇನ್ನೊಬ್ಬರಿಗೆ ಪ್ಯಾರಸಿಟಮಾಲ್ ಕೊಟ್ಟು ಮನೆಗೆ ಕಳಿಸುವ ಕಚೇರಿ. ಪುಕ್ಕಟೆಯಂತೂ ಅಲ್ಲ. ವೀಸಾಕ್ಕೆ ಅರ್ಜಿ ಹಾಕುವಾಗಲೇ ಹೆಲ್ತ್ ಸರ್‌ಚಾರ್ಜ್ ಎಂದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ 18 ತುಂಬದ ಮಕ್ಕಳಿಗೂ 776 ಪೌಂಡ್ ವಸೂಲಾಗಿರುತ್ತದೆ, ಅದೂ ವೀಸಾದ ಅಷ್ಟೂ ಅವಧಿಗೆ ಒಂದೇ ಸಲ. ವಯಸ್ಕರಿಗೆ ಮೂರು ವರ್ಷಕ್ಕೆ ತಲೆಗೆ 3,105 ಪೌಂಡ್. ಆಮೇಲೆ ಸಂಬಳದಿಂದ ತೆರಿಗೆ ಬೇರೆ. ಇಷ್ಟು ಕಟ್ಟಿದ ಮೇಲೆ ಅದನ್ನು ಪೂರ್ತಿ ಬಳಸಿಕೊಳ್ಳುವುದು ಹೇಗೆಂದು ತಿಳಿಯದೆ ಖಾಸಗಿಗೆ ಓಡುವುದು ದಂಡ.

ಎನ್‌ಎಚ್‌ಎಸ್‌ನ ಬಾಗಿಲು ಜಿಪಿ, ಅಂದರೆ ನಿಮ್ಮ ಬಡಾವಣೆಯ ಸಾಮಾನ್ಯ ವೈದ್ಯರ ಕ್ಲಿನಿಕ್. ನೋಂದಣಿಗೆ ವಿಳಾಸದ ಪುರಾವೆ, ಪಾಸ್‌ಪೋರ್ಟ್, ವೀಸಾ ಯಾವುದೂ ಕಡ್ಡಾಯವಲ್ಲ. ರಿಸೆಪ್ಷನ್‌ನಲ್ಲಿ ಕರೆಂಟ್ ಬಿಲ್ ಕೇಳಿದರೆ, ನಿಯಮದಲ್ಲಿ ಅದು ಬೇಕಿಲ್ಲವೆಂದು ಮೆಲ್ಲಗೆ ಹೇಳಿ. ಹುಷಾರು ತಪ್ಪುವವರೆಗೆ ಕಾಯದೆ ಬಂದ ವಾರವೇ ನೋಂದಾಯಿಸಿಕೊಳ್ಳಬೇಕು. ಬೆಳಗ್ಗೆ 8ಕ್ಕೆ ಫೋನ್ ಹಿಡಿದು ಕೂರುವ ಕಸರತ್ತು ಈಗ ಸ್ವಲ್ಪ ಕಡಿಮೆ. 2025ರ ಅಕ್ಟೋಬರ್‌ನಿಂದ ಬೆಳಗ್ಗೆ 8ರಿಂದ ಸಂಜೆ 6:30ರವರೆಗೆ ತುರ್ತಲ್ಲದ ವಿಷಯಗಳಿಗೆ ಆನ್‌ಲೈನ್ ಫಾರಂ ತೆರೆದಿಡಬೇಕೆಂಬ ನಿಯಮವಿದೆ. ಫಾರಂನಲ್ಲಿ ‘ಬೆನ್ನು ನೋವು’ ಎಂದಷ್ಟೇ ಬರೆದರೆ ಸರದಿಯಲ್ಲಿ ಕೆಳಗೆ ಬೀಳುತ್ತೀರಿ. ಯಾವಾಗಿನಿಂದ, ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಏನು ಮಾತ್ರೆ ತೆಗೆದುಕೊಂಡಿರಿ, ಯಾವ ಕೆಲಸ ನಿಂತುಹೋಗಿದೆ ಎಂದು ಬರೆಯಿರಿ. ಯಾರನ್ನು ಮೊದಲು ಕರೆಯಬೇಕೆಂದು ತೀರ್ಮಾನಿಸುವವರ ಕೈಯಲ್ಲಿ ಇರುವುದು ಆ ನಾಲ್ಕು ಸಾಲು ಮಾತ್ರ.

ಎಷ್ಟೋ ಸಲ ಜಿಪಿಯೂ ಬೇಡ. 2024ರ ಜನವರಿ ಕೊನೆಯಲ್ಲಿ ಶುರುವಾದ ಫಾರ್ಮಸಿ ಫಸ್ಟ್ ಯೋಜನೆಯ ಪ್ರಕಾರ ಗಂಟಲು ನೋವು, ಸೈನಸ್, ಸರ್ಪಸುತ್ತು, ಕೀಟ ಕಚ್ಚಿ ಸೋಂಕಾದದ್ದು, ಇಂಪೆಟಿಗೊ ಎಂಬ ಚರ್ಮದ ಸೋಂಕು, ಮಕ್ಕಳ ಕಿವಿ ನೋವು, 16ರಿಂದ 64ರ ಮಹಿಳೆಯರ ಸಾಮಾನ್ಯ ಮೂತ್ರದ ಸೋಂಕು, ಇವಕ್ಕೆ ಔಷಧ ಅಂಗಡಿಯಲ್ಲೇ ಆ್ಯಂಟಿಬಯಾಟಿಕ್ ಅಥವಾ ಬೇರೆ ಔಷಧ ಸಿಗುತ್ತದೆ. ಪ್ರತಿ ಔಷಧಕ್ಕೆ 9.90 ಪೌಂಡ್. ತಿಂಗಳು ತಿಂಗಳು ಎರಡು ಮೂರು ಔಷಧ ಬೇಕಾದವರು ಔಷಧ ಶುಲ್ಕವನ್ನು ಮುಂಗಡವಾಗಿ ಕಟ್ಟುವ 114.50 ಪೌಂಡಿನ ವಾರ್ಷಿಕ ಸರ್ಟಿಫಿಕೇಟ್ ಕೊಂಡರೆ ಉಳಿತಾಯ.

ಹೃದಯಾಘಾತ, ಅಪಘಾತ, ಹೆರಿಗೆ, ಕ್ಯಾನ್ಸರ್, ಐಸಿಯು: ಇವುಗಳಲ್ಲಿ ಎನ್‌ಎಚ್‌ಎಸ್‌ಗೆ ಇಲ್ಲಿ ಸಾಟಿಯೇ ಇಲ್ಲ ಎನ್ನಬಹುದು, ಏಕೆಂದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಖಾಸಗಿಯವರು ಕಣಕ್ಕೆ ಇಳಿಯುವುದೇ ಅಪರೂಪ. 999 ಕರೆ ಮಾಡಿದರೆ ಬರುವ ಆಂಬುಲೆನ್ಸ್ ನಿಮ್ಮ ಖಾಸಗಿ ಇನ್ಶೂರೆನ್ಸ್ ಕಾರ್ಡ್ ನೋಡುವುದಿಲ್ಲ. ಬಹುಪಾಲು ಖಾಸಗಿ ಆಸ್ಪತ್ರೆಗಳಲ್ಲಿ ತುರ್ತು ವಿಭಾಗವಿಲ್ಲ, ಎಷ್ಟೋ ಕಡೆ ಐಸಿಯು ಕೂಡ ಇಲ್ಲ. ಶಸ್ತ್ರಚಿಕಿತ್ಸೆಯಾದ ರಾತ್ರಿ ರಕ್ತದೊತ್ತಡ ಕುಸಿದರೆ ಖಾಸಗಿ ಆಸ್ಪತ್ರೆಯವರೇ ಆಂಬುಲೆನ್ಸ್ ಕರೆಸಿ ಎನ್‌ಎಚ್‌ಎಸ್‌ಗೆ ಸಾಗಿಸುತ್ತಾರೆ. ಹಗಲು ಕಂಡ ಸರ್ಜನ್ ರಾತ್ರಿ ಮನೆಯಲ್ಲಿರುತ್ತಾರೆ. ವಾರ್ಡಿನಲ್ಲಿರುವುದು ಸಾಮಾನ್ಯವಾಗಿ ಒಬ್ಬ ಕಿರಿಯ ಡಾಕ್ಟರು. ಮಧುಮೇಹ, ಹೃದಯದ ತೊಂದರೆ, ನಿದ್ರೆಯಲ್ಲಿ ಉಸಿರುಕಟ್ಟುವ ಸಮಸ್ಯೆ ಇರುವವರು ಒಂಟಿ ಕೋಣೆ, ಒಳ್ಳೆಯ ಊಟಕ್ಕೆ ಮರುಳಾಗುವ ಮೊದಲು ‘ರಾತ್ರಿ ಐಸಿಯು ಇದೆಯೇ’ ಎಂದು ಕೇಳಲೇಬೇಕು.

ಎನ್‌ಎಚ್‌ಎಸ್ ಸೋಲುವುದು ಕಾಯಿಸುವುದರಲ್ಲಿ. ಮಂಡಿಚಿಪ್ಪು, ಸೊಂಟ, ಹರ್ನಿಯಾ, ಸ್ತ್ರೀರೋಗದಂಥ ಜೀವಕ್ಕೆ ತಕ್ಷಣ ಅಪಾಯವಿಲ್ಲದ ವಿಭಾಗಗಳಲ್ಲಿ ಸರದಿ ಎಳೆಯುತ್ತದೆ. ನಿಯಮದ ಪ್ರಕಾರ ನೂರರಲ್ಲಿ 92 ಮಂದಿಗೆ ಜಿಪಿಯ ಶಿಫಾರಸು (ರೆಫರಲ್) ತಲುಪಿದ 18 ವಾರಗಳೊಳಗೆ ಚಿಕಿತ್ಸೆ ಶುರುವಾಗಬೇಕು. ಆ ಗುರಿ ಮುಟ್ಟಿ ವರ್ಷಗಳೇ ಆಗಿವೆ, ಪಟ್ಟಿಯಲ್ಲಿ 70 ಲಕ್ಷಕ್ಕೂ ಹೆಚ್ಚು ಪ್ರಕರಣಗಳಿವೆ. ಇದಕ್ಕೆ ಡಾಕ್ಟರುಗಳ ಸೋಮಾರಿತನ ಕಾರಣವಲ್ಲ. ಅದೇ ಹಾಸಿಗೆ, ಅದೇ ಅರಿವಳಿಕೆ ತಜ್ಞರನ್ನು ತುರ್ತು ರೋಗಿಗಳೂ ಬಳಸುವುದರಿಂದ, ಚಳಿಗಾಲದಲ್ಲಿ ವಾರ್ಡ್ ತುಂಬಿದೊಡನೆ ಮೊದಲು ರದ್ದಾಗುವುದು ನಿಮ್ಮ ಮಂಡಿಯ ಆಪರೇಷನ್ನು. ತುರ್ತು ವಿಭಾಗದ ಹೊರೆ ಹೊರದ ಖಾಸಗಿ ಆಸ್ಪತ್ರೆ ಹೇಳಿದ ದಿನವೇ ಮಾಡಿ ಮುಗಿಸುತ್ತದೆ. ಖಾಸಗಿಯವರು ಇಲ್ಲಿ ಮಾರುವ ಸರಕು ಇದೇ, ಸಮಯ. ಅಲ್ಲಿ ಕತ್ತರಿ ಹಿಡಿಯುವವರು ಸಾಮಾನ್ಯವಾಗಿ ವಾರದ ಉಳಿದ ದಿನ ಎನ್‌ಎಚ್‌ಎಸ್‌ನಲ್ಲಿ ದುಡಿಯುವ ಕನ್ಸಲ್ಟೆಂಟೇ (ಹಿರಿಯ ತಜ್ಞ).

ಆದರೆ ಆ ಸಮಯವನ್ನು ದುಡ್ಡಿಲ್ಲದೆಯೂ ಪಡೆಯುವ ದಾರಿಯೊಂದಿದೆ, ಅದನ್ನು ಕೇಳುವವರೇ ಕಡಿಮೆ. ಜಿಪಿ ತಜ್ಞರಿಗೆ ಕಳಿಸುವಾಗ ಯಾವ ಆಸ್ಪತ್ರೆ ಎಂದು ಆರಿಸುವ ಹಕ್ಕು ನಿಮ್ಮದು. ಎನ್‌ಎಚ್‌ಎಸ್ ಜೊತೆ ಒಪ್ಪಂದವಿರುವ ಖಾಸಗಿ ಆಸ್ಪತ್ರೆಗಳೂ ಆ ಪಟ್ಟಿಯಲ್ಲಿರುತ್ತವೆ, ಬಿಲ್ಲು ಎನ್‌ಎಚ್‌ಎಸ್‌ನದು. ಸುಮ್ಮನಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ ರೆಫರಲ್. ಸರದಿ ಎಲ್ಲಿ ಚಿಕ್ಕದಿದೆ ಎಂದು ಮೊದಲೇ ನೋಡಿಕೊಂಡು, ಹೆಸರು ಹೇಳಿಯೇ ಕೇಳಿ. 18 ವಾರ ದಾಟುವ ಹಾಗಿದ್ದರೆ ಬೇರೆ ಕಡೆ ಬದಲಿಸಿ ಎಂದು ಕೇಳುವುದಕ್ಕೂ ಅವಕಾಶವಿದೆ. ಒಂದು ಮಿತಿ: ಸಂಕೀರ್ಣ ಕಾಯಿಲೆಯವರನ್ನು ಖಾಸಗಿ ಆಸ್ಪತ್ರೆಗಳು ಒಪ್ಪದೆ ಹಿಂದಕ್ಕೆ ಕಳಿಸುವುದುಂಟು.

ಇನ್ನು ಖಾಸಗಿ ಇನ್ಶೂರೆನ್ಸ್. ಕೊಳ್ಳುವವರು ಓದದೆ ಬಿಡುವ ಪುಟವೇ ಇಲ್ಲಿ ಮುಖ್ಯ. ‘ಮೊರಟೋರಿಯಂ’ ಪಾಲಿಸಿಯಲ್ಲಿ ಸಾಮಾನ್ಯವಾಗಿ ಹಿಂದಿನ ಐದು ವರ್ಷಗಳಲ್ಲಿ ಕಾಣಿಸಿದ ತೊಂದರೆಗಳು ಸೇರುವುದಿಲ್ಲ. ಪಾಲಿಸಿ ಶುರುವಾದ ಮೇಲೆ ಸತತ ಎರಡು ವರ್ಷ ಲಕ್ಷಣ, ಔಷಧ, ಸಲಹೆ ಏನೂ ಇಲ್ಲದಿದ್ದರೆ ಮಾತ್ರ ಸೇರುತ್ತವೆ. ಸಕ್ಕರೆ ಕಾಯಿಲೆ, ಅಸ್ತಮಾದಂಥ ದೀರ್ಘಕಾಲದ ಕಾಯಿಲೆ, ಸಹಜ ಹೆರಿಗೆ, ತುರ್ತು ಚಿಕಿತ್ಸೆ ಸಾಧಾರಣವಾಗಿ ಹೊರಗೆ. ಅಂದರೆ ನಲವತ್ತು ದಾಟಿದವರಿಗೆ ನಿಜಕ್ಕೂ ಬೇಕಾಗುವ ಅರ್ಧ ಚಿಕಿತ್ಸೆ ಎನ್‌ಎಚ್‌ಎಸ್ ಪಾಲಿಗೇ ಉಳಿಯಿತು.

ಬಿಲ್ಲಿನಲ್ಲಿ ಎಡವಟ್ಟಾಗುವುದು ಹೀಗೆ: ಸರ್ಜನ್, ಅರಿವಳಿಕೆ ತಜ್ಞ, ಆಸ್ಪತ್ರೆ ಮೂವರೂ ಬೇರೆ ಬೇರೆ ಬಿಲ್ ಮಾಡಬಹುದು. ಸರ್ಜನ್ ಶುಲ್ಕಕ್ಕೆ ಇನ್ಶೂರೆನ್ಸ್‌ನವರ ಒಪ್ಪಿಗೆ ಪಡೆದು ಅರಿವಳಿಕೆಯವರನ್ನು ಮರೆತರೆ, ಮಿತಿ ಮೀರಿದ ಮೊತ್ತ ನಿಮ್ಮ ತಲೆಗೆ. ಸರ್ಜನ್ ಕಾರ್ಯದರ್ಶಿಯಿಂದ ಚಿಕಿತ್ಸೆಯ ಸಿಸಿಎಸ್‌ಡಿ ಕೋಡ್ (ಖಾಸಗಿ ಬಿಲ್ಲಿನಲ್ಲಿ ಆ ಚಿಕಿತ್ಸೆಯನ್ನು ಗುರುತಿಸುವ ಸಂಕೇತ) ತೆಗೆದುಕೊಂಡು, ಇನ್ಶೂರೆನ್ಸ್‌ನವರಿಗೆ ಓದಿ ಹೇಳಿ, ಇಬ್ಬರೂ ಡಾಕ್ಟರ ಶುಲ್ಕ ಪೂರ್ತಿ ಸಿಗುತ್ತದೆಯೇ ಎಂದು ಕೇಳಿ, ಒಪ್ಪಿಗೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೈಯಿಂದಲೇ ಕಟ್ಟುವವರಿಗೆ ಸೊಂಟದ ಕೀಲು ಬದಲಾವಣೆ ಹತ್ತು ಸಾವಿರ ಪೌಂಡ್ ದಾಟುತ್ತದೆ. ಅಂಥವರು ಪ್ಯಾಕೇಜ್ ದರದಲ್ಲಿ ಮರು ಭರ್ತಿ, ಫಿಸಿಯೊಥೆರಪಿ, ಎರಡನೇ ಭೇಟಿ ಸೇರಿವೆಯೇ ಎಂದು ಲಿಖಿತವಾಗಿ ಪಡೆಯಬೇಕು.

ಎರಡನ್ನೂ ಬೆರೆಸುವ ಜಾಗದಲ್ಲಿ ಜಗಳ ಹೆಚ್ಚು. ಮೊದಲ ಭೇಟಿಯನ್ನಷ್ಟೇ ಖಾಸಗಿಯಲ್ಲಿ ಮುಗಿಸಿ ಎನ್‌ಎಚ್‌ಎಸ್ ಪಟ್ಟಿಗೆ ಸೇರಬಹುದು. ಆ ಭೇಟಿ ಎನ್‌ಎಚ್‌ಎಸ್‌ನಲ್ಲೇ ಆಗಿದ್ದರೆ ಯಾವ ಸ್ಥಾನವೋ ಅದೇ ಸ್ಥಾನ ಸಿಗುತ್ತದೆ, ಮುಂದಕ್ಕೆ ಜಿಗಿಸುವುದಿಲ್ಲ. ಖಾಸಗಿ ಡಾಕ್ಟರು ಬರೆದ ಔಷಧವನ್ನು ಎನ್‌ಎಚ್‌ಎಸ್ ಚೀಟಿಗೆ ಬದಲಿಸಲೇಬೇಕೆಂದು ಜಿಪಿಗೆ ಕಟ್ಟುಪಾಡಿಲ್ಲ. ಖಾಸಗಿಯಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಪತ್ತೆ ಮಾಡಿಸಿಕೊಂಡವರು ಇಲ್ಲೇ ಸಿಕ್ಕಿಬೀಳುವುದು: ಜಿಪಿ ಒಪ್ಪದಿದ್ದರೆ ಪ್ರತಿ ತಿಂಗಳ ಮಾತ್ರೆಯ ಪೂರ್ಣ ಬೆಲೆ ಸ್ವಂತ ಖರ್ಚು. ದುಡ್ಡು ಕಟ್ಟುವ ಮೊದಲೇ ಜಿಪಿಯ ಉತ್ತರ ಪಡೆಯಿರಿ.

ಕಂಪನಿ ಇನ್ಶೂರೆನ್ಸ್ ಕೊಟ್ಟರೆ ತೆಗೆದುಕೊಳ್ಳಿ, ಅದರ ಕಂತಿನ ಮೇಲೆ ನಿಮಗೆ ತೆರಿಗೆ ಬೀಳುತ್ತದೆ ಅಷ್ಟೆ. ಸ್ವಂತ ಜೇಬಿನಿಂದ ಕೊಳ್ಳುವುದಾದರೆ ‘ಆರು ವಾರದ ಆಯ್ಕೆ’ ಇರುವ ಪಾಲಿಸಿ ನೋಡಿ. ಎನ್‌ಎಚ್‌ಎಸ್‌ನಲ್ಲಿ ಆರು ವಾರದೊಳಗೆ ಚಿಕಿತ್ಸೆ ಸಿಗುವ ಹಾಗಿದ್ದರೆ ಅಲ್ಲೇ ಹೋಗಬೇಕು, ಇಲ್ಲದಿದ್ದರೆ ಖಾಸಗಿ. ಕಂತೂ ಅದಕ್ಕೆ ತಕ್ಕಂತೆ ಕಡಿಮೆ.