ವಾಟ್ಸಾಪ್ ಬಿಸಿನೆಸ್: ಟೊಮ್ಯಾಟೊ ಮಂಡಿಯಲ್ಲಿ ಇಷ್ಟು ವರ್ಷ ಬಳಸಿದ ಮೇಲೆ

ಕೋಲಾರ ಎಪಿಎಂಸಿಯಲ್ಲಿ ನಮ್ಮದೊಂದು ಮಂಡಿ. ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಲ್ಲಿ ಬಂತು. ಆಮೇಲೆ ಸ್ವಲ್ಪ ದಿನಕ್ಕೇ ಅಂಗಡಿ ನಂಬರನ್ನು ಅದಕ್ಕೆ ಹಾಕಿದೆವು, ಇವತ್ತಿಗೂ ಅದೇ ನಡೀತಿದೆ. ಆ್ಯಪ್‌ಗೆ ಅಂತ ಒಂದು ಪೈಸೆ ಕೊಟ್ಟಿಲ್ಲ. ಆದರೂ ತಿಂಗಳ ಖರ್ಚಿನಲ್ಲಿ ಅದರ ಹೆಸರು ಬಂದು ಕೂತಿದೆ.

"ನಾಳೆಯಿಂದ ವಾಟ್ಸಾಪ್‌ಗೆ ದುಡ್ಡು, ಹತ್ತು ಜನಕ್ಕೆ ಕಳಿಸಿದರೆ ನಿಮಗೆ ಫ್ರೀ" ಅಂತ ಹಿಂದೆ ಮೆಸೇಜ್ ಬರ್ತಿತ್ತು, ಅಲ್ವಾ? ಅದು ಶುದ್ಧ ಸುಳ್ಳು. ವರ್ಷಕ್ಕೆ ಒಂದು ಡಾಲರ್ ಚಂದಾ ಇದ್ದದ್ದು ಮಾತ್ರ ನಿಜ, ಅದನ್ನೂ 2016ರ ಜನವರಿಯಲ್ಲಿ ಕೈಬಿಟ್ಟರು. ಈಗ ದುಡ್ಡು ಕೇಳೋ ದಾರಿಯೇ ಬೇರೆ.

ನಮ್ಮ ಕೆಲಸ ಇಷ್ಟು: ಹರಾಜು ಮುಗಿದ ಕೂಡಲೇ ರೈತರಿಗೆ ರೇಟು ತಿಳಿಸಬೇಕು. ಒಳ್ಳೆ ಮಾಲು 15 ಕೆಜಿ ಬಾಕ್ಸ್‌ಗೆ ಎಷ್ಟು ಹೋಯ್ತು, ಗೋಲಿ ಸೈಜು, ಅಂದ್ರೆ ಚಿಕ್ಕ ಹಣ್ಣು, ಎಷ್ಟು ಹೋಯ್ತು ಅಂತ ವಾಯ್ಸ್‌ನಲ್ಲಿ ಹೇಳಿ ಕಳಿಸುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಅರ್ಧಕ್ಕರ್ಧ ಉತ್ತರ ತೆಲುಗಿನಲ್ಲೇ ಬರುತ್ತೆ. ಲೆಕ್ಕದ ಚೀಟಿಯ ಫೋಟೊವನ್ನೂ ಅಲ್ಲೇ ಹಾಕುತ್ತೇನೆ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು ನೋಡಿ, ಆಗ ಫೋನ್ ಕೆಳಗಿಡೋಕೆ ಆಗ್ತಿರಲಿಲ್ಲ.

ಈ ಚೀಟಿಗಳೇ ನನಗೆ ಮುಖ್ಯ. "ಅಣ್ಣಾ, ಯುಗಾದಿ ಮುಂಚೆ ಹಾಕಿದ ಲೋಡು ಎಷ್ಟು ಬಾಕ್ಸ್ ಅಂತ ನೋಡಿ ಹೇಳಿ" ಅಂತ ಯಾರಾದರೂ ಕೇಳೇ ಕೇಳ್ತಾರೆ. ಫೋಟೊ ತೋರಿಸಿದರೆ ಮಾತು ಅಲ್ಲಿಗೇ ಮುಗೀತು. ಅದಕ್ಕೆ ಬ್ಯಾಕಪ್ ಬಿಡೋ ಹಾಗಿಲ್ಲ. ಆಂಡ್ರಾಯ್ಡ್‌ನಲ್ಲಿ ಮೊದಲು ಈ ಬ್ಯಾಕಪ್ ಗೂಗಲ್ ಜಾಗದ ಲೆಕ್ಕಕ್ಕೆ ಬರ್ತಿರಲಿಲ್ಲ. ಈಗ ಜಿಮೇಲ್, ಫೋಟೊ ಎಲ್ಲ ಸೇರಿ ಇರೋ 15 ಜಿಬಿಯಲ್ಲೇ ಅದೂ ಹಿಡಿಯಬೇಕು. ಹಿಡಿಯಲಿಲ್ಲ. 100 ಜಿಬಿ ಪ್ಲಾನ್ ತಗೊಂಡೆ, ತಿಂಗಳಿಗೆ 130 ರೂಪಾಯಿ. ನನಗಂತೂ ಇದು ದಂಡ ಅನ್ನಿಸಿಲ್ಲ.

ಇನ್ನೊಂದು ತಲೆನೋವು ಬ್ರಾಡ್‌ಕಾಸ್ಟ್, ಅಂದ್ರೆ ಒಂದೇ ಮೆಸೇಜನ್ನು ತುಂಬಾ ಜನಕ್ಕೆ ಒಟ್ಟಿಗೆ ಕಳಿಸೋದು. ಒಂದು ಲಿಸ್ಟ್‌ಗೆ 256 ಜನ, ಅವರೂ ನಮ್ಮ ನಂಬರ್ ಸೇವ್ ಮಾಡಿರಬೇಕು. ರೈತರು ಹೊಸ ಫೋನ್ ತಗೊಂಡು ನಂಬರ್ ಕಳಕೊಂಡರೆ ರೇಟು ತಲುಪೋದೇ ಇಲ್ಲ. "ಯಾಕಣ್ಣಾ, ನಮ್ಮನ್ನು ಮರೆತ್ರಾ?" ಅಂತ ಬೈಸಿಕೊಳ್ಳೋದು ನಾನು. ಇದಕ್ಕೆ ವಾಟ್ಸಾಪ್‌ನದೇ ದುಡ್ಡು ಕೊಡೋ ವ್ಯವಸ್ಥೆಯೂ ಇದೆ, ದೊಡ್ಡ ಕಂಪನಿಗಳು ಬಳಸೋ ಅಂಥದ್ದು. 2025ರ ಜುಲೈನಿಂದ ಅದರಲ್ಲಿ ಮೆಸೇಜಿಗೊಂದು ದರ. ಪ್ರಚಾರದ್ದಕ್ಕೆ ಜಾಸ್ತಿ, ಬಿಲ್ಲು ಗಿಲ್ಲಿನಂಥದ್ದಕ್ಕೆ ಕಡಿಮೆ. ಗಿರಾಕಿಯೇ ಮೊದಲು ಕೇಳಿದರೆ 24 ಗಂಟೆಯೊಳಗಿನ ಉತ್ತರ ಫ್ರೀ. ಒಬ್ಬ ಏಜೆಂಟ್ ಬಂದು ಅರ್ಧ ಗಂಟೆ ವಿವರಿಸಿದ. ಅವನ ತಿಂಗಳ ಫೀಸು ಬೇರೆ. ದಿನಾ ರೇಟು ಬದಲಾಗೋ ವ್ಯಾಪಾರಕ್ಕೆ ದಿನಾ ಮೆಸೇಜಿಗೆ ದುಡ್ಡು ಕೊಟ್ಟರೆ ಕಮಿಷನ್‌ನಲ್ಲಿ ಉಳಿಯೋದೇನು? ಬೇಡ ಅಂದೆ.

ವಾಟ್ಸಾಪ್ ಚಾನೆಲ್ ಫ್ರೀ ಇದೆ, ಎಷ್ಟು ಜನ ಸೇರಬಹುದು ಅನ್ನೋದಕ್ಕೆ ಮಿತಿಯೂ ಇಲ್ಲ. ಆದರೆ ಅಲ್ಲಿ ಜನ ವಾಪಸ್ ಮಾತಾಡೋಕಾಗಲ್ಲ. ರೇಟು ಕೇಳಿ ಸುಮ್ನೆ ಇರೋ ರೈತರನ್ನು ನಾನಂತೂ ನೋಡಿಲ್ಲ. ಇನ್ನೊಂದು ಆ್ಯಪ್ ಟೆಲಿಗ್ರಾಂ, ಅದರ ದುಡ್ಡು ಕೊಡೋ ಪ್ರೀಮಿಯಂ 2022ರಲ್ಲೇ ಬಂತು. ಅದರ 4 ಜಿಬಿ ಫೈಲು, ಸ್ಟಿಕ್ಕರು ನಮಗೆ ಯಾತಕ್ಕೆ?

ಐದಕ್ಕೆ ನಾಲ್ಕು ಸ್ಟಾರ್. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸೋದನ್ನು ಆಫ್ ಮಾಡಿ. ಗುಡ್ ಮಾರ್ನಿಂಗ್ ವಿಡಿಯೊಗಳಿಗೆಲ್ಲ ಬಾಡಿಗೆ ಕಟ್ಟಬೇಕಾಗಿಲ್ಲ.