ಏರೋಬಾರ್ ನಡುವೆ ಬಾಟಲಿ: ಸ್ಟ್ರಾ ಡಬ್ಬಿಯೋ, ಕೇಬಲ್ ಟೈಯೋ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಸೈಕಲ್ಲಿನ ಏರೋಬಾರ್ (ಹ್ಯಾಂಡಲಿನಿಂದ ಮುಂದಕ್ಕೆ ಚಾಚಿದ ಜೋಡಿ ಕೊಳವೆ) ಮೇಲೆ ಮೊಣಕೈ ಊರಿ ಹೊರಟವರು ನೀರಿಗಾಗಿ ಪ್ರತಿಸಲವೂ ಕಾಲಿನ ನಡುವಿನ ಬಾಟಲಿಗೆ ಕೈ ಹಾಕುವ ದಾರಿ ಇದಲ್ಲ. ಪಕ್ಕದಲ್ಲಿ ಲಾರಿ, ಆಷಾಢ ಬಂತೆಂದರೆ ಅಡ್ಡಗಾಳಿ. ದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಬಾಟಲಿ ಎರಡು ಬಾರ್‌ಗಳ ನಡುವೆಯೇ ಇರಬೇಕು. ಹೇಗೆ ಕೂರಿಸುವುದು ಎನ್ನುವುದೇ ಪ್ರಶ್ನೆ.

ಬಾರ್ ನಡುವೆ ಉದ್ದಕ್ಕೆ ಇಳಿಬಿಡುವ ಸ್ಟ್ರಾ ಡಬ್ಬಿಗೆ ಒಂದು ಅನುಕೂಲವಿದೆ: ಕೈ ತೆಗೆಯದೆ ಕುಡಿಯಬಹುದು. ಆದರೆ ಅಡ್ಡಗಾಳಿ ಅದಕ್ಕೇ ಮೊದಲು ಬಡಿಯುತ್ತದೆ. ಹಂಪ್ ಹಾರಿದಾಗ ಡಬ್ಬಿಯ ಬಾಯಿಂದ ಚಿಮ್ಮಿದ ಉಪ್ಪು-ಸಕ್ಕರೆ ನೀರು ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮಿನ ಬೋಲ್ಟಿಗೆ, ಹ್ಯಾಂಡಲ್ ತಿರುಗಿಸುವ ಹೆಡ್‌ಸೆಟ್ ಬೇರಿಂಗಿಗೆ ಇಳಿದು ತುಕ್ಕು ಹಿಡಿಸುತ್ತದೆ. ಸ್ಟ್ರಾದ ತುದಿಗೆ ಧೂಳು ಬೇರೆ. ನಮ್ಮ ರಸ್ತೆಗೆ ಬೇಡ.

ಬಾಟಲಿ ಹಿಡಿಯುವ ಮಾಮೂಲಿ ಕೇಜನ್ನು ಬಾರ್‌ಗಳ ಮೇಲೆ ಮಲಗಿಸಿ ಕೇಬಲ್ ಟೈಯಿಂದ (ಎಳೆದರೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ) ಬಿಗಿಯುವುದೇ ಮೇಲು. ಬಾಟಲಿ ಕೈಗಳ ಮರೆಯಲ್ಲಿ ಗಾಳಿಗೆ ಸಿಕ್ಕದೆ ಮಲಗಿರುತ್ತದೆ. ಬೇಕಾದದ್ದು ಬಿಗಿಯಾಗಿ ಹಿಡಿಯುವ ಪ್ಲಾಸ್ಟಿಕ್ ಕೇಜ್, 4.8 ಮಿ.ಮೀ. ಅಗಲದ ಆರು ಕಪ್ಪು ಟೈ, ಪಂಕ್ಚರ್ ಅಂಗಡಿಯ ಹಳೇ ಟ್ಯೂಬ್. ಬಿಳಿ ಟೈ ಬಿಸಿಲಿಗೆ ಬೇಗ ಪುಡಿಯಾಗುತ್ತದೆ, ಕೊಳ್ಳಬೇಡಿ.

ಬಾರ್‌ಗೆ ಮೊದಲು ಟ್ಯೂಬಿನ ತುಂಡು ಸುತ್ತಿ. ಬಾರ್ 22.2 ಮಿ.ಮೀ. ನುಣುಪು ಕೊಳವೆ, ಬರೀ ಟೈ ಜಾರುತ್ತದೆ. ಕಾರ್ಬನ್ ಬಾರ್ ಆದರೆ ಗೀರೂ ಬೀಳುತ್ತದೆ. ಕೇಜಿನ ಬಾಯಿ ನಿಮ್ಮ ಕಡೆಗೆ ಇರಲಿ. ಕೇಜಿನ ಮುಂದಿನ ಬೋಲ್ಟ್ ತೂತಿನಿಂದ ಟೈ ತೂರಿಸಿ ಎಡಕ್ಕೊಂದು, ಬಲಕ್ಕೊಂದು ಎಳೆಯಿರಿ. ಹಿಂದಿನ ತೂತಿಗೂ ಹಾಗೆಯೇ. ಉಳಿದ ಎರಡನ್ನು ಕೇಜಿನ ಮೈಗೂ ಬಾರ್‌ಗೂ ಸೇರಿಸಿ ಸುತ್ತಿ. ಗೇರ್ ಕೇಬಲ್ ಟೈಯೊಳಗೆ ಸಿಕ್ಕಿಕೊಂಡರೆ ಶಿಫ್ಟಿಂಗ್ ಕೆಡುತ್ತದೆ, ಪೂರ್ತಿ ಬಿಗಿಯುವ ಮೊದಲೇ ನೋಡಿಕೊಳ್ಳಿ. ಬಾರ್‌ಗಳ ನಡುವೆ ಕೇಜ್ ಜೋತುಬೀಳುವಷ್ಟು ಅಂತರವಿದ್ದರೆ ವೈರಿಂಗ್ ಪೈಪಿನ ಎರಡು ತುಂಡನ್ನು ಅಡ್ಡಕ್ಕೆ ಕಟ್ಟಿ, ಅದರ ಮೇಲೆ ಕೇಜ್ ಕೂರಿಸಿ.

ಹೆಚ್ಚಿನವರು ಎಡವುವುದು ಓರೆಯಲ್ಲಿ. ಕೈ ಎತ್ತರ ಇರಲಿ ಎಂದು ಬಾರ್ ತುದಿಯನ್ನು ಮೇಲೆತ್ತಿದ್ದರೆ ಬಾಟಲಿಯ ತಳ ಮೇಲಾಗಿ, ಬಾಯಿ ಕೆಳಗಾಗುತ್ತದೆ. ಆಗ ನೀರೂ ತೊಟ್ಟಿಕ್ಕುತ್ತದೆ, ಹಂಪಿಗೆ ಬಾಟಲಿಯೇ ಎದೆಗೆ ಹಾರುತ್ತದೆ. ಕೇಜಿನ ಹಿಂಬದಿಗೆ ಪೈಪ್ ತುಂಡು ಕೊಟ್ಟು ಬಾಯಿಯ ಕಡೆಯನ್ನು ತುಸು ಎತ್ತರಿಸಿ. ಸಾಲದಿದ್ದರೆ ಟ್ಯೂಬಿನಿಂದ ಬಳೆಯಂತೆ ಕತ್ತರಿಸಿ ಬಾಟಲಿಯ ಕುತ್ತಿಗೆಗೆ ಹಾಕಿ. ಆ ಬಾರ್ ತೀರಾ ಕಡಿದಾಗಿದ್ದರೆ ಮಾತ್ರ ಕೋನ ಹೊಂದಿಸಬಹುದಾದ ರೆಡಿಮೇಡ್ ಬ್ರಾಕೆಟ್ಟಿಗೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ.

750 ಮಿ.ಲೀ. ತುಂಬಿದಾಗ ಮುಂದುಗಡೆ ಮುಕ್ಕಾಲು ಕೆ.ಜಿ.ಗೂ ಹೆಚ್ಚು ಭಾರ. ಹ್ಯಾಂಡಲ್ ಸ್ವಲ್ಪ ಮಂದವಾಗುತ್ತದೆ, ಮೊದಲ ದಿನ ಖಾಲಿ ರಸ್ತೆಯಲ್ಲಿ ರೂಢಿ ಮಾಡಿಕೊಳ್ಳಿ. 40 ಕಿ.ಮೀ. ರೇಸಿಗೆ ಈ ಒಂದು ಬಾಟಲಿ ಬಹುಮಟ್ಟಿಗೆ ಸಾಕು. 90 ಕಿ.ಮೀ.ಯದರಲ್ಲಿ ದಾರಿಯಲ್ಲಿ ಕೊಡುವ ಬಾಟಲಿಯನ್ನು ಖಾಲಿಯದರ ಜಾಗಕ್ಕೆ ನೇರ ತಳ್ಳಬಹುದು. ಸ್ಟ್ರಾ ಡಬ್ಬಿಯಲ್ಲಾದರೆ ಓಡುವ ಸೈಕಲ್ ಮೇಲೆ ನೀರು ಸುರಿಯುತ್ತ ಕೂರಬೇಕು.

ಟೈಯ ಬಾಲವನ್ನು ಬುಡಕ್ಕೇ ಸಮನಾಗಿ ಕತ್ತರಿಸಿ. ಮೊನೆ ಉಳಿದರೆ ಮುಂಗೈ ಗೀರುತ್ತದೆ.