ಎಲೆ ನೋಡಿ ಮಾತನಾಡುವ ಅಂಗಡಿ

ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಎಣ್ಣೆಯ ಅಂಗಡಿಗಳಿಗೆ ಬರವಿಲ್ಲ. ಕೀಟನಾಶಕವನ್ನು ನಮ್ಮ ಕಡೆ ಎಣ್ಣೆ ಎಂದೇ ಕರೆಯುತ್ತೇವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವ ಸುದ್ದಿ ಬಂದರೆ ಸಾಕು, ಈ ಅಂಗಡಿಗಳ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಅವುಗಳಲ್ಲಿ ಗಂಗಾವತಿ ರಸ್ತೆಯ ಒಂದು ಹಳೆಯ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಮಾಲೀಕರೇ ಕೇಳಿಕೊಂಡಿದ್ದಾರೆ. ಹೆಸರು ಹೇಳದೆಯೇ ಬರೆಯುತ್ತೇನೆ. ಇಂಥ ಅಂಗಡಿ ಹೇಗೆ ನಡೆಯುತ್ತದೆ ಎಂದು ತಿಳಿದರೆ ಓದಿದವರು ತಮ್ಮ ತಮ್ಮ ಊರಿನಲ್ಲಿ ಅಂಥದ್ದನ್ನೇ ಹುಡುಕಿಕೊಳ್ಳಬಹುದು.

ನಾನು ಪಿಯುಸಿ ಓದಿದವಳು. ಮನೆಯವರು ಬೆಂಗಳೂರಿನಲ್ಲಿ ಕೆಲಸದಲ್ಲಿರುವುದರಿಂದ ನಾಲ್ಕು ಎಕರೆ ಭತ್ತದ ಬೇಸಾಯ ನನ್ನ ಮತ್ತು ಅತ್ತೆಯವರ ಹೆಗಲ ಮೇಲಿದೆ. ಈ ಅಂಗಡಿಗೆ ಬರುವ ಮೊದಲು ಬೇರೊಂದು ಕಡೆ ಹೋಗುತ್ತಿದ್ದೆ. ಅಲ್ಲಿ ಕೃಷಿ ಪದವಿ ಪಡೆದ ಯುವಕರೊಬ್ಬರು ಕೂರುತ್ತಿದ್ದರು. ಪದವಿ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ತಲೆಯ ಮೇಲೆ ತೂಗುಹಾಕಿದ್ದರು. ನಾನು ತೆಗೆದುಕೊಂಡು ಹೋದ ಎಲೆಯನ್ನು ಅವರು ಕೈಗೆ ಸಹ ತೆಗೆದುಕೊಳ್ಳಲಿಲ್ಲ. ‘ನಿಮಗೆ ಹೇಳಿದರೆ ತಿಳಿಯುವುದಿಲ್ಲ, ಮನೆಯವರನ್ನು ಕಳುಹಿಸಿ’ ಎಂದು ಮೂರು ಬಾಟಲಿ ತೆಗೆದಿಟ್ಟರು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರಿಗೆ ಎಲ್ಲರೆದುರು, ‘ನಾಲ್ಕು ಅಕ್ಷರ ಕಲಿತಿದ್ದರೆ ಬೆಳೆ ಹೀಗಾಗುತ್ತಿತ್ತೇ?’ ಎಂದರು. ಆ ಹಿರಿಯರು ಭತ್ತ ಬೆಳೆಯಲು ಶುರುಮಾಡಿದಾಗ ಈ ಯುವಕರು ಹುಟ್ಟಿರಲಿಲ್ಲ.

ಇಂಥದ್ದನ್ನು ಕಂಡಾಗ ಓದಿದರೆ ತಲೆ ತಿರುಗುತ್ತದೆ ಎಂದು ನಮ್ಮೂರಿನಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಇನ್ನೊಬ್ಬ ವ್ಯಾಪಾರಿಯ ಬಳಿಯೂ ನಾವು ಹೋದದ್ದುಂಟು. ಅವರ ದರ್ಪ ಇದಕ್ಕಿಂತ ಹೆಚ್ಚು. ಅವರ ಕೈಯಲ್ಲಿದ್ದದ್ದು ಉದ್ರಿ ಪುಸ್ತಕ. ಸಾಲ ಬಾಕಿ ಇದ್ದವರು ಅವರು ಕೊಟ್ಟದ್ದನ್ನು ಒಯ್ಯಬೇಕು, ಏಕೆ ಎಂದು ಕೇಳುವಂತಿಲ್ಲ. ಒಬ್ಬರಿಗೆ ಪದವಿ, ಇನ್ನೊಬ್ಬರಿಗೆ ಉದ್ರಿ ಪುಸ್ತಕ. ಎದುರಿಗಿದ್ದವರ ಬಾಯಿ ಮುಚ್ಚಿಸಲು ಇಬ್ಬರಿಗೂ ಒಂದೊಂದು ಸಾಧನ ಸಿಕ್ಕಿತ್ತು, ಅಷ್ಟೇ.

ಈಗ ನಾನು ಹೋಗುವ ಅಂಗಡಿಯ ಮಾಲೀಕರು ಎಸ್ಸೆಸ್ಸೆಲ್ಸಿ ಮುಗಿಸಿ ತಂದೆಯ ಗಲ್ಲೆಯಲ್ಲಿ ಕುಳಿತವರು. ರೈತರು ಮಾತು ಮುಗಿಸುವ ಮೊದಲೇ ಬಾಟಲಿ ಎತ್ತಿಡುವ ಕಾಲ ಅವರಿಗೂ ಇತ್ತು ಎಂದು ಅತ್ತೆ ಹೇಳುತ್ತಾರೆ. ಕೀಟನಾಶಕ ಮಾರುವವರಿಗೆ ಸಂಬಂಧಪಟ್ಟ ವಿಷಯದ ಓದು ಇರಬೇಕೆಂಬ ನಿಯಮ ಬಂದ ಮೇಲೆ ಅವರು ‘ದೇಸಿ’ ಡಿಪ್ಲೊಮಾ ಸೇರಿದರು. ಹೈದರಾಬಾದಿನ ಮ್ಯಾನೇಜ್ ಎಂಬ ರಾಷ್ಟ್ರೀಯ ಕೃಷಿ ತರಬೇತಿ ಸಂಸ್ಥೆ 2003ರಲ್ಲಿ ಅಂಗಡಿಕಾರರಿಗಾಗಿಯೇ ಆರಂಭಿಸಿದ ಕೋರ್ಸ್ ಇದು. ವಾರಕ್ಕೊಂದು ದಿನದಂತೆ 48 ವಾರ ಪಾಠ, ನಡುನಡುವೆ ಹೊಲಗಳಿಗೆ ಭೇಟಿ. ನಡುವಯಸ್ಸು ದಾಟಿದವರು ನೋಟ್ ಪುಸ್ತಕ ಹಿಡಿದು ಬೆಂಚಿನ ಮೇಲೆ ಕುಳಿತರು. ‘ಎಲೆ ಹಳದಿಯಾಗಲು ಇಷ್ಟೊಂದು ಕಾರಣಗಳಿವೆ ಎಂದು ಪಾಠದಲ್ಲಿ ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಕ್ಕ. ಅಲ್ಲಿಯವರೆಗೆ ಯಾರ್‍ಯಾರಿಗೆ ಏನೇನು ಕೊಟ್ಟಿದ್ದೆನೋ’ ಎಂದು ಒಮ್ಮೆ ಹೇಳಿದರು. ಅಂದಿನಿಂದ ಅವರ ಅಂಗಡಿಯಲ್ಲಿ ಮೊದಲು ಪ್ರಶ್ನೆ, ಆಮೇಲೆ ಬಾಟಲಿ.

ಹಿಂದಿನ ಮುಂಗಾರಿನಲ್ಲಿ ನಮ್ಮ ಸೋನಾ ಮಸೂರಿಯ ಎಲೆಗಳು ತುದಿಯಿಂದ ಅಂಚಿನುದ್ದಕ್ಕೂ ಒಣಗುತ್ತಾ ಬಂದವು. ಬೆಂಕಿ ರೋಗ ಎಂದು ಎಲ್ಲರೂ ಅಂದರು. ನಾನೂ ಅದಕ್ಕೇ ಎಣ್ಣೆ ಕೇಳಿದೆ. ಮಾಲೀಕರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಹಸಿರು ಮತ್ತು ಒಣಗಿದ ಭಾಗ ಕೂಡುವಲ್ಲಿ ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರು. ‘ಸ್ವಲ್ಪ ಹೊತ್ತು ಕಾಯಿರಿ’ ಎಂದರು. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಅಂಚಿನಿಂದ ಹಾಲಿನಂಥ ಸಣ್ಣ ಎಳೆ ನೀರಿಗಿಳಿಯತೊಡಗಿತು. ಅದು ದುಂಡಾಣು ಎಲೆ ಅಂಗಮಾರಿಯ ಗುರುತು. ಬೆಂಕಿ ರೋಗಕ್ಕೆ ಶಿಲೀಂಧ್ರ ಕಾರಣ, ಇದಕ್ಕೆ ಬ್ಯಾಕ್ಟೀರಿಯಾ. ಶಿಲೀಂಧ್ರಕ್ಕೆ ಹೊಡೆಯುವ ಎಣ್ಣೆಯಿಂದ ಇದು ಹೋಗುವುದಿಲ್ಲ ಎಂದು ಅಲ್ಲಿದ್ದವರೆಲ್ಲರಿಗೂ ಕೇಳುವಂತೆ ವಿವರಿಸಿದರು. ಯೂರಿಯಾ ನಿಲ್ಲಿಸಿ, ನಿಂತ ನೀರನ್ನು ಬಸಿಯಿರಿ, ಆದರೆ ಆ ನೀರು ಪಕ್ಕದವರ ಗದ್ದೆಗೆ ಹೋಗದಂತೆ ನೋಡಿಕೊಳ್ಳಿ ಎಂದರು. ನನಗೆ ಏನನ್ನೂ ಮಾರಲಿಲ್ಲ. ಲೋಟವನ್ನು ಮಾತ್ರ ಎಲ್ಲರ ಕೈಗೂ ಕೊಟ್ಟು ನೋಡಿಸಿದರು. ನಾನು ಶಾಲೆಯಲ್ಲಿ ಕಲಿತ ವಿಜ್ಞಾನಕ್ಕಿಂತ ಆ ಲೋಟದಲ್ಲಿ ಕಂಡದ್ದು ನನಗೆ ಹೆಚ್ಚು ನೆನಪಿದೆ, ಮತ್ತು ಈಗ ಮನೆಯಲ್ಲೇ ಮಾಡಿ ನೋಡುತ್ತೇನೆ.

ಅವರಿಗೆ ಗೊತ್ತಾಗದಿದ್ದರೆ ಗೊತ್ತಿಲ್ಲ ಎನ್ನುತ್ತಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೋ ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೋ ಗಿಡ ಒಯ್ಯಲು ಹೇಳುತ್ತಾರೆ. ಅಂಗಡಿಯಲ್ಲಿ ನಿಂತು ಇದನ್ನು ಹೇಳುವುದು ಸುಲಭವಲ್ಲ. ಪಕ್ಕದ ಅಂಗಡಿಯವರು ಅದೇ ಗಿರಾಕಿಯನ್ನು ಕರೆದು ಏನಾದರೂ ಕೊಟ್ಟು ಕಳುಹಿಸುತ್ತಾರೆ. ನಮ್ಮ ಮಾಲೀಕರು ಬಾಟಲಿಯ ಮೇಲಿನ ಬಣ್ಣದ ತ್ರಿಕೋನವನ್ನು ಓದು ಬಾರದವರಿಗೆ ಬೆರಳಿಟ್ಟು ತೋರಿಸುತ್ತಾರೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಎಣ್ಣೆ ಹೊಡೆಯುವ ಕೂಲಿಯವರು ಬಂದರೆ ಅವರಿಗೂ ‘ನೀವು’ ಎಂದೇ ಮಾತು. 45 ಕಿಲೋ ಯೂರಿಯಾ ಚೀಲವನ್ನು ಮುದ್ರಿತ ದರ 266 ರೂಪಾಯಿ 50 ಪೈಸೆಗೇ ಬಿಲ್ ಹಾಕಿ ಕೊಡುತ್ತಾರೆ. ಅದರ ಜೊತೆ ಬೇಡದ ಡಬ್ಬಿಯೊಂದನ್ನು ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ.

ಕೊರತೆಗಳೂ ಇವೆ. ಒಬ್ಬೊಬ್ಬರಿಗೂ ಇಷ್ಟು ಸಮಯ ಕೊಡುವುದರಿಂದ ನಾಟಿಯ ದಿನಗಳಲ್ಲಿ ತುಂಬಾ ಕಾಯಬೇಕು, ಹೆಂಗಸರಿಗೆ ಕುಳಿತುಕೊಳ್ಳಲು ಒಂದು ಬೆಂಚೂ ಇಲ್ಲ. ಕಂಪನಿಗಳ ಆಯ್ಕೆ ಕಡಿಮೆ. ಉದ್ರಿ ಬಹಳ ಬಿಗಿ, ಕೈಯಲ್ಲಿ ದುಡ್ಡಿಲ್ಲದ ಸಣ್ಣ ರೈತರಿಗೆ ಇದು ನಿಜವಾದ ತೊಂದರೆ. ಅವರು ಬೇರೆ ದಾರಿಯಿಲ್ಲದೆ ಉದ್ರಿ ಪುಸ್ತಕದವರ ಬಳಿಗೇ ಹೋಗುತ್ತಾರೆ. ಇದಕ್ಕೊಂದು ದಾರಿ ಹುಡುಕಬೇಕೆಂದು ಮಾಲೀಕರಿಗೆ ನೇರವಾಗಿಯೇ ಹೇಳಿದ್ದೇನೆ. ಅವರ ಮಗ ಈಗ ಬಿ.ಎಸ್ಸಿ. ಕೃಷಿ ಮುಗಿಸಿ ಬಂದು ಕುಳಿತಿದ್ದಾನೆ. ಬುದ್ಧಿವಂತ, ಆದರೆ ಮಾತಿನಲ್ಲಿ ಅವಸರ. ಭತ್ತದ ರಸ ಹೀರುವ ಕಂದು ಜಿಗಿಹುಳುವಿಗೆ ಎಣ್ಣೆ ಕೇಳಿದವರಿಗೆ ಬುಡಕ್ಕೆ ಹೊಡೆಯಬೇಕು ಎಂದಷ್ಟೇ ಹೇಳಿ ಕಳುಹಿಸುತ್ತಿದ್ದ. ಹುಳು ಇರುವುದು ನೀರಿನ ಮಟ್ಟದ ಮೇಲಿನ ಬುಡದಲ್ಲಿ, ಯೂರಿಯಾ ಹೆಚ್ಚಾದರೆ ಅದೂ ಹೆಚ್ಚುತ್ತದೆ ಎಂಬುದನ್ನೂ ಹೇಳು ಎಂದು ತಂದೆ ಗಿರಾಕಿಗಳ ಎದುರೇ ತಿದ್ದಿದರು. ಅವನು ಸಿಟ್ಟಾಗಲಿಲ್ಲ, ಹೋಗುತ್ತಿದ್ದವರನ್ನು ಹಿಂದಕ್ಕೆ ಕರೆದು ಪೂರ್ತಿ ಹೇಳಿದ.

ಇಂಥ ಅಂಗಡಿಗೆ ಹೋಗುವವರು ಎಲೆಯೊಂದನ್ನೇ ಕಿತ್ತು ಒಯ್ಯಬೇಡಿ. ಬೇರುಸಹಿತ ಇಡೀ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಳಗ್ಗೆಯೇ ತೆಗೆದುಕೊಂಡು ಹೋಗಿ. ಎಕರೆಗೆ ಎಷ್ಟು ಚೀಲ ಯೂರಿಯಾ ಹಾಕಿದ್ದೀರಿ ಎಂದು ಮೊದಲು ಕೇಳುತ್ತಾರೆ, ಇದ್ದದ್ದನ್ನು ಇದ್ದಂತೆ ಹೇಳಿ.